ಮರಳು ನಡೆಯುವ ದಾರಿ



ಆನಗೋಡಿನ ಈ ಸಲದ ದತ್ತಿ ಉಪನ್ಯಾಸಕ್ಕೆ ಕಡಲದಂಡೆಯ ಜೀವಿಗಳ ವಿಷಯ ಆರಿಸಿದ್ದೇನೆ ಎಂದಾಗ ಸಂಘಟಕರು ಸಂಕೋಚದಿಂದಲೇ, ‘ನಮ್ಮ ಕಡೆಯವರಿಗೆ ಕೆರೆ, ಕಾಲುವೆ, ಮೆಕ್ಕೆಜೋಳದ ಮಾತಾದರೆ ಹತ್ತಿರವಾಗುತ್ತಿತ್ತೇನೋ’ ಎಂದರು. ತಪ್ಪೇನಿಲ್ಲ. ರೈತ ಹುತಾತ್ಮರ ಸ್ಮಾರಕವಿರುವ ಊರಿದು. ಇಲ್ಲಿ ನೆಲ, ನೀರಿನ ಮಾತಿಗೆ ಮೊದಲ ಮಣೆ. ಶಿವಮೊಗ್ಗ, ಸಾಗರ ದಾಟಿ ಹೊನ್ನಾವರದ ಕಡಲು ಕಾಣಬೇಕಾದರೆ ಇಲ್ಲಿಂದ ಇನ್ನೂರು ಕಿಲೋಮೀಟರಿಗೂ ಮಿಕ್ಕಿ ಹೋಗಬೇಕು. ಆದರೂ ನಾನು ಹಟ ಹಿಡಿದೆ. ಕರಾವಳಿಯ ಮರಳದಂಡೆ ಉಳಿಯಬೇಕೋ ಹೋಗಬೇಕೋ ಎಂಬ ತೀರ್ಮಾನದಲ್ಲಿ ದೊಡ್ಡ ಪಾಲು ಘಟ್ಟದ ಮೇಲೆ, ನಮ್ಮಂಥ ಬಯಲುಸೀಮೆಯ ಊರುಗಳಲ್ಲಿ ಆಗುತ್ತದೆ ಎಂಬುದು ನನ್ನ ವಾದ. ಅದನ್ನು ಕಾರವಾರದಲ್ಲಿ ಹೇಳುವುದಕ್ಕಿಂತ ಆನಗೋಡಿನಲ್ಲಿ ಹೇಳುವುದೇ ಸರಿ.

ಮೊದಲು ನಮ್ಮ ದಾವಣಗೆರೆ ಜಿಲ್ಲೆಯದೇ ಒಂದು ಜಾಗ ನೋಡೋಣ. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಕುರುಚಲು ಕಾಡನ್ನು 2011ರಲ್ಲಿ ಕೊಂಡುಕುರಿಗಳಿಗಾಗಿ ವನ್ಯಜೀವಿ ಧಾಮವೆಂದು ಘೋಷಿಸಲಾಯಿತು. ಸುಮಾರು 77 ಚದರ ಕಿಲೋಮೀಟರು. ಮುಳ್ಳುಕಂಟಿ, ಕಲ್ಲುಗುಡ್ಡ, ಬೇಸಿಗೆಯಲ್ಲಿ ಒಣಗಿ ನಿಲ್ಲುವ ಹುಲ್ಲು. ಮಲೆನಾಡು ನೋಡಿ ಬಂದವರು ಇದನ್ನು ಕಾಡೆಂದು ಒಪ್ಪುವುದೂ ಕಷ್ಟ. ಗಂಡಿಗೆ ನಾಲ್ಕು ಕೊಂಬಿರುವ ಆ ಪುಟ್ಟ ಪ್ರಾಣಿಗೆ ಮಾತ್ರ ದಟ್ಟ ಕಾಡು ಒಗ್ಗುವುದಿಲ್ಲ, ಈ ಬರಡು ನೆಲವೇ ಬೇಕು. ಪಹಣಿಯಲ್ಲಿ ಬೆಳೆಯ ಕಾಲಂ ಖಾಲಿ ಇರುವ ನೆಲವನ್ನು ನಮ್ಮ ಕಂದಾಯ ಲೆಕ್ಕ ಖರಾಬು ಎನ್ನುತ್ತದೆ. ಯಾವುದಾದರೂ ಯೋಜನೆಗೆ ಜಾಗ ಬೇಕಾದಾಗ ಅಧಿಕಾರಿಗಳ ಕಣ್ಣು ಮೊದಲು ಬೀಳುವುದು ಅಲ್ಲಿಗೇ. ಕಡಲದಂಡೆಯ ಕಥೆಯೂ ಇದೇ. ಉಳುವ ಹಾಗಿಲ್ಲ, ತೆಂಗು ಹತ್ತುವುದಿಲ್ಲ, ಬರೀ ಮರಳು. ಇದರ ಮೇಲೆ ಒಂದಿಷ್ಟು ಕಾಂಕ್ರೀಟು ಬಿದ್ದರೆ ಯಾರ ಗಂಟೇನು ಹೋಗುತ್ತದೆ ಎಂಬ ಭಾವನೆ.

ಯಾರ ಗಂಟು ಹೋಗುತ್ತದೆ ಎಂಬುದಕ್ಕೆ ಕಡಲಾಮೆಯನ್ನು ಕೇಳಬೇಕು. ನಮ್ಮ ಕರಾವಳಿಗೆ ಮೊಟ್ಟೆಯಿಡಲು ಬರುವುದು ಮುಖ್ಯವಾಗಿ ಆಲಿವ್ ರಿಡ್ಲೆ ಜಾತಿಯ ಆಮೆ. ಒಡಿಶಾದ ಗಹಿರ್‌ಮಥಾದಲ್ಲಿ ಇವು ಲಕ್ಷಗಟ್ಟಲೆ ಒಟ್ಟಿಗೆ ದಡ ಹತ್ತುವ ಚಿತ್ರಗಳನ್ನು ನೀವು ನೋಡಿರುತ್ತೀರಿ. ನಮ್ಮಲ್ಲಿ ಆ ಜಾತ್ರೆ ಇಲ್ಲ. ಮಳೆಗಾಲ ಮುಗಿದ ಮೇಲಿನ ತಿಂಗಳುಗಳಲ್ಲಿ, ಬೇಸಿಗೆ ಬಲಿಯುವ ತನಕ, ರಾತ್ರಿ ಹೊತ್ತು ಒಂಟೊಂಟಿಯಾಗಿ ಬರುತ್ತವೆ. ಕಾರವಾರ, ಅಂಕೋಲಾ, ಹೊನ್ನಾವರ, ಕುಂದಾಪುರದ ದಂಡೆಗಳಲ್ಲಿ ಗೂಡು ಸಿಗುತ್ತವೆ. 2024ರ ಆರಂಭದಲ್ಲಿ ಮಂಗಳೂರಿನ ಬಳಿಯ ಸಸಿಹಿತ್ಲು, ತಣ್ಣೀರುಬಾವಿಯ ಕಡೆ ಗೂಡುಗಳು ಕಂಡಾಗ ಅಲ್ಲಿಯ ಪತ್ರಿಕೆಗಳಿಗೆ ಅದೊಂದು ಸಂಭ್ರಮದ ಸುದ್ದಿಯಾಯಿತು. ಅಲೆಯ ಗುರುತು ದಾಟಿ, ಒಣ ಮರಳಿನಲ್ಲಿ ಒಂದೂವರೆ ಅಡಿ ಆಳ ತೋಡಿ, ನೂರರ ಆಸುಪಾಸು ಮೊಟ್ಟೆಯಿಟ್ಟು, ಮುಚ್ಚಿ, ಮೈಯಿಂದ ತಟ್ಟಿ ಮಟ್ಟ ಮಾಡಿ ತಾಯಿ ಹೊರಟುಹೋಗುತ್ತದೆ. ಮತ್ತೆ ಆ ಕಡೆ ತಿರುಗಿ ನೋಡುವುದಿಲ್ಲ. ಕಾವು ಕೊಡುವುದು ಮರಳು. ಮರಿ ಹೆಣ್ಣೋ ಗಂಡೋ ಎಂದು ನಿರ್ಧರಿಸುವುದೂ ಮರಳಿನ ಬಿಸಿಯೇ: ಹೆಚ್ಚು ಕಾದರೆ ಹೆಣ್ಣು, ತಂಪಾದರೆ ಗಂಡು. ನಲವತ್ತೈದರಿಂದ ಅರವತ್ತು ದಿನಕ್ಕೆ ಮರಿಗಳು ಒಡೆದು ಬರುತ್ತವೆ. ಅವುಗಳಲ್ಲಿ ದೊಡ್ಡದಾಗಿ ಬದುಕುವುದು ಸಾವಿರಕ್ಕೊಂದು ಎಂಬುದು ಸಾಮಾನ್ಯ ಅಂದಾಜು. ಬದುಕಿದ ಹೆಣ್ಣು ಹತ್ತು ಹದಿನೈದು ವರ್ಷದ ಮೇಲೆ ತಾನು ಹುಟ್ಟಿದ ಕರೆಯನ್ನೇ ಹುಡುಕಿಕೊಂಡು ಬರುತ್ತದೆ. ಅಷ್ಟರಲ್ಲಿ ಅಲ್ಲಿ ಏನು ಕಟ್ಟಿರುತ್ತೇವೋ ಅದಕ್ಕೆ ಗೊತ್ತಿರುವುದಿಲ್ಲ.

ಸತೀಶ್ ಭಾಸ್ಕರ್ ಎಂಬ ಹೆಸರನ್ನು ಇಲ್ಲಿ ನೆನೆಯದೆ ಮುಂದೆ ಹೋಗಬಾರದು. 1970ರ ದಶಕದ ಕೊನೆಯಿಂದ ಭಾರತದ ಕಡಲದಂಡೆಗಳನ್ನು ಸಾವಿರಾರು ಕಿಲೋಮೀಟರ್ ಕಾಲ್ನಡಿಗೆಯಲ್ಲಿ ಅಳೆದು, ಕಡಲಾಮೆ ಎಲ್ಲೆಲ್ಲಿ ಮೊಟ್ಟೆಯಿಡುತ್ತದೆ ಎಂದು ಬರೆದಿಟ್ಟ ಮನುಷ್ಯ. 2023ರಲ್ಲಿ ತೀರಿಕೊಂಡರು. ಇವತ್ತು ಉಪಗ್ರಹದ ಚಿತ್ರ ಹಾಸಿಕೊಂಡು ದಂಡೆಯ ನಕ್ಷೆ ಮಾಡುವವರು ಒಂದು ರಾತ್ರಿಯಾದರೂ ಅವರಂತೆ ನಡೆದಿದ್ದರೆ ನಕ್ಷೆಗಳು ಬೇರೆಯೇ ಇರುತ್ತಿದ್ದವೇನೋ.

ಇನ್ನು ಮರಳಿನ ವಿಷಯ. ಕಡಲದಂಡೆ ಒಂದೇ ಕಡೆ ನಿಲ್ಲುವ ನೆಲವಲ್ಲ. ಮುಂಗಾರಿನ ಅಲೆ ದಡದ ಮರಳನ್ನು ಎಳೆದು ಒಳಗೆ, ಆಳವಿಲ್ಲದ ನೀರಿನಲ್ಲಿ ಗುಡ್ಡೆ ಹಾಕುತ್ತದೆ. ಮಳೆ ಕಳೆದ ಮೇಲೆ ಸಣ್ಣ ಅಲೆಗಳು ಅದನ್ನೇ ಹೊತ್ತು ತಂದು ದಡಕ್ಕೆ ಹರಡುತ್ತವೆ. ಅದರ ಹಿಂದೆ, ಅಡುಂಬು ಬಳ್ಳಿ ಹಬ್ಬಿದ ಮರಳ ದಿಬ್ಬಗಳಿವೆಯಲ್ಲ, ಅವು ನಮ್ಮ ಕಡೆಯ ಹಗೇವಿನ ಹಾಗೆ. ಸುಗ್ಗಿಯಲ್ಲಿ ತುಂಬಿಟ್ಟದ್ದನ್ನು ಬರದ ವರ್ಷ ತೆಗೆಯುತ್ತಿದ್ದರು; ಕಡಲೂ ಒಳ್ಳೆಯ ದಿನಗಳಲ್ಲಿ ದಿಬ್ಬಕ್ಕೆ ಸುರಿದ ಮರಳನ್ನು ಬಿರುಗಾಳಿಯ ವರ್ಷ ಹಿಂದಕ್ಕೆ ಪಡೆಯುತ್ತದೆ. ಆ ದಿಬ್ಬವನ್ನು ಮಟ್ಟ ಮಾಡಿ ಕಾಂಪೌಂಡು ಕಟ್ಟಿದಿರಿ ಎನ್ನಿ. ಬಿರುಗಾಳಿಯ ವರ್ಷ ತಪ್ಪುವುದಿಲ್ಲ. ಕಡಲು ಬಂದು ಕೇಳುತ್ತದೆ, ಕೊಡಲು ಮರಳಿಲ್ಲ, ಕಾಂಪೌಂಡು ಹೋಗುತ್ತದೆ. ಮರುದಿನ ‘ಕಡಲ್ಕೊರೆತ, ಸರ್ಕಾರ ನಿದ್ದೆ ಮಾಡುತ್ತಿದೆ’ ಎಂದು ಸುದ್ದಿ. ಘಟ್ಟದಿಂದ ಲಾರಿಗಟ್ಟಲೆ ಕಲ್ಲು ಇಳಿಯುತ್ತದೆ. ಕಲ್ಲಿನ ಗೋಡೆಗೆ ಬಡಿದ ಅಲೆ ಅದೇ ರಭಸದಲ್ಲಿ ಹಿಂದಿರುಗುವಾಗ ಬುಡದ ಮರಳನ್ನೂ ಬಾಚಿಕೊಂಡು ಹೋಗುತ್ತದೆ, ಪಕ್ಕದ ಊರಿನ ದಡ ಕುಸಿಯಲು ಶುರುವಾಗುತ್ತದೆ, ಅಲ್ಲಿಗೂ ಗೋಡೆ ಬೇಕಾಗುತ್ತದೆ. ಉಳ್ಳಾಲ, ಸೋಮೇಶ್ವರ, ಉಚ್ಚಿಲದವರು ಪ್ರತಿ ಮಳೆಗಾಲ ಇದನ್ನು ನೋಡುತ್ತ ಬಂದಿದ್ದಾರೆ. ಗೋಡೆಯ ಹಿಂದೆ ಮನೆ ಉಳಿದೀತು, ಗೋಡೆಯ ಮುಂದೆ ಆಮೆಗೆ ಒಣ ಮರಳು ಉಳಿಯುವುದಿಲ್ಲ.

ಒಳ್ಳೆಯ ಮನಸ್ಸಿನಿಂದ ಮಾಡಿದ ಕೆಡುಕೂ ಇದೆ. ಕಾರವಾರದ ಮರಳಿನಲ್ಲಿ 1868ರ ಸುಮಾರಿಗೆ ಬ್ರಿಟಿಷರ ಅರಣ್ಯ ಇಲಾಖೆ ಹೊರದೇಶದ ಗಾಳಿಮರ ತಂದು ನೆಟ್ಟಿತು. ಸರ್ವೆ ಎಂದು ನಾವು ಕರೆಯುವ ಮರ. ಅದು ಎಲ್ಲೆಡೆ ಹಬ್ಬಿತು. ಇವತ್ತು ಸರ್ವೆತೋಪಿಲ್ಲದ ಬೀಚನ್ನು ನಾವು ಕಲ್ಪಿಸಿಕೊಳ್ಳುವುದೇ ಇಲ್ಲ. ದಡದ ಅಂಚಿನವರೆಗೂ ನೆಟ್ಟಾಗ ಅದರ ಬೇರು, ಉದುರಿದ ಎಲೆಯ ಹಾಸು, ನೆರಳು ಎಲ್ಲವೂ ಆಮೆಯ ಗೂಡಿಗೆ ಅಡ್ಡಿ. ಇನ್ನೊಂದು, ಹೈಮಾಸ್ಟ್ ದೀಪ. ನಮ್ಮ ಜನಪ್ರತಿನಿಧಿಗಳಿಗೆ ಇದರಷ್ಟು ಪ್ರಿಯವಾದ ಅಭಿವೃದ್ಧಿ ಕಾಮಗಾರಿ ಬೇರೆ ಇಲ್ಲ. ನಮ್ಮ ಸರ್ಕಲ್ಲುಗಳಲ್ಲೂ ನಿಂತಿವೆ, ಕಡಲದಂಡೆಯಲ್ಲೂ ನಿಂತಿವೆ. ಗೂಡಿನಿಂದ ಎದ್ದ ಮರಿಗಳು ರಾತ್ರಿಯಲ್ಲಿ ಯಾವ ದಿಕ್ಕು ಹೆಚ್ಚು ಬೆಳ್ಳಗಿದೆಯೋ ಆ ಕಡೆ ಓಡುತ್ತವೆ. ಕತ್ತಲ ದಡದಲ್ಲಿ ಅದು ನೀರು. ದೀಪವಿದ್ದ ದಡದಲ್ಲಿ ಅದು ರಸ್ತೆ, ರೆಸಾರ್ಟಿನ ಹುಲ್ಲುಹಾಸು, ನಾಯಿಗಳು ಕಾದು ಕೂತ ಜಾಗ. ಕಡಲ ಕಡೆ ಮುಖ ಮಾಡಿದ ದೀಪಕ್ಕೆ ಮರೆ ಕಟ್ಟಲು, ಗೂಡಿನ ತಿಂಗಳುಗಳಲ್ಲಿ ಆರಿಸಲು ಹೆಚ್ಚು ದುಡ್ಡು ಬೇಡ. ಬೇಕಾದದ್ದು ಮನಸ್ಸು ಮಾತ್ರ, ಅದೇ ಸಿಗುತ್ತಿಲ್ಲ.

ಕಾನೂನು ಇಲ್ಲವೇ ಎಂದು ಕೇಳುತ್ತೀರಿ. ಇದೆ, ಬಹಳ ಹಿಂದೆಯೇ ಬಂದಿದೆ. 1981ರ ನವೆಂಬರಿನಲ್ಲಿ ಪ್ರಧಾನಿ ಇಂದಿರಾ ಗಾಂಧಿ ಕರಾವಳಿ ರಾಜ್ಯಗಳ ಮುಖ್ಯಮಂತ್ರಿಗಳಿಗೆ ಪತ್ರ ಬರೆದು, ಭರತದ ನೀರು ಅತಿ ಎತ್ತರಕ್ಕೆ ಬರುವ ಗೆರೆಯಿಂದ 500 ಮೀಟರ್‌ವರೆಗೆ ಯಾವ ಚಟುವಟಿಕೆಯೂ ಬೇಡ ಎಂದರು. ಹತ್ತು ವರ್ಷ ಕಳೆದು, 1991ರ ಫೆಬ್ರವರಿ 19ರಂದು, ಪರಿಸರ ಸಂರಕ್ಷಣಾ ಕಾಯ್ದೆಯಡಿ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಹೊರಟಿತು. ಕರಾವಳಿಯಲ್ಲಿ ಯಾವ ಚಹಾ ಅಂಗಡಿಯಲ್ಲಿ ಕೇಳಿದರೂ ‘ಸಿಆರ್‌ಝಡ್’ ಎನ್ನುವುದು ಇದನ್ನೇ. ಅಲ್ಲಿಂದ ಇಲ್ಲಿಗೆ ಇದಕ್ಕೆ ಎಷ್ಟು ತಿದ್ದುಪಡಿ ಬಂದಿತೆಂದು ವಕೀಲರೂ ಥಟ್ಟನೆ ಹೇಳಲಾರರು. 2011ರಲ್ಲಿ ಹೊಸದು ಬಂತು, 2019ರ ಜನವರಿಯಲ್ಲಿ ಮತ್ತೊಂದು. ಈಗಿನ ನಿಯಮದ ಪ್ರಕಾರ, 2011ರ ಜನಗಣತಿಯಂತೆ ಚದರ ಕಿಲೋಮೀಟರಿಗೆ 2,161ಕ್ಕಿಂತ ಹೆಚ್ಚು ಜನರಿರುವ ಗ್ರಾಮೀಣ ಭಾಗದಲ್ಲಿ ಕಟ್ಟಡ ನಿಷೇಧದ ಪಟ್ಟಿ 200 ಮೀಟರಿನಿಂದ 50ಕ್ಕೆ ಇಳಿದಿದೆ. ಪ್ರವಾಸಿಗರಿಗಾಗಿ ತಾತ್ಕಾಲಿಕ ಚಪ್ಪರ, ಶೌಚಾಲಯ, ಬಟ್ಟೆ ಬದಲಿಸುವ ಕೋಣೆಗಳಿಗೆ ಭರತದ ಗೆರೆಯಿಂದ 10 ಮೀಟರ್ ಬಿಟ್ಟರೆ ಸಾಕು. 500ರಿಂದ 10ರವರೆಗೆ ಇಳಿದು ಬಂದಿದ್ದೇವೆ. ಆಮೆ ಒಣ ಮರಳಿನಲ್ಲಿ ಗೂಡು ತೋಡುವುದು ಹೆಚ್ಚುಕಡಿಮೆ ಈ ಪಟ್ಟಿಯಲ್ಲೇ.

ಹಾಗೆಂದು ಕಾನೂನಿಗೆ ಹಲ್ಲೇ ಇಲ್ಲವೆನ್ನಲಾಗದು. ಕೊಚ್ಚಿಯ ಮರಡುವಿನಲ್ಲಿ ಹಿನ್ನೀರಿನ ದಡದ ನಾಲ್ಕು ವಸತಿ ಸಮುಚ್ಚಯಗಳನ್ನು ಸುಪ್ರೀಂ ಕೋರ್ಟಿನ ಆದೇಶದಂತೆ 2020ರ ಜನವರಿ 11 ಮತ್ತು 12ರಂದು ಸ್ಫೋಟಕ ಇಟ್ಟು ಉರುಳಿಸಿದರು. ಟಿವಿಯಲ್ಲಿ ನೀವೂ ನೋಡಿದ್ದೀರಿ. ದುಡ್ಡು ಕೊಟ್ಟು ಮನೆ ಕೊಂಡವರು ಬೀದಿಗೆ ಬಂದರು, ಹಿನ್ನೀರಿನ ದಡದಲ್ಲಿ ಕಾಂಕ್ರೀಟಿನ ರಾಶಿ ಉಳಿಯಿತು. ಕೆಡವಿದ ಮೇಲೆ ದಡ ಮೊದಲಿನಂತಾಗುವುದಿಲ್ಲ. ಅನುಮತಿಗೆ ಸಹಿ ಹಾಕುವ ಮೇಜಿನ ಮೇಲೇ ಇದು ನಿಲ್ಲಬೇಕಿತ್ತು.

ಆಮೆ ಮೊಟ್ಟೆಯಿಡುವ ಜಾಗ, ಮರಳ ದಿಬ್ಬ, ಕಾಂಡ್ಲಾ (ಮ್ಯಾಂಗ್ರೋವ್) ಕಾಡು ಇವೆಲ್ಲ ಅಧಿಸೂಚನೆಯ ಲೆಕ್ಕದಲ್ಲಿ ಅತಿ ಸೂಕ್ಷ್ಮ ವಲಯ, ಅತಿ ಹೆಚ್ಚಿನ ರಕ್ಷಣೆ. ಆದರೆ ನಕ್ಷೆಯಲ್ಲಿ ಗುರುತಾದರೆ ಮಾತ್ರ. ಹೊನ್ನಾವರದ ಕಾಸರಕೋಡು ಟೊಂಕದ ಜಗಳದ ತಿರುಳು ಇದೇ. ಶರಾವತಿ ಕಡಲು ಸೇರುವಲ್ಲಿ, ದಕ್ಷಿಣ ದಂಡೆಯ ಮರಳ ಚಾಚಿನ ಮೇಲೆ ಖಾಸಗಿ ಬಂದರಿನ ಯೋಜನೆ. ಆ ಮರಳಿನ ಮೇಲೆ ಹೆಂಗಸರು ಮೀನು ಒಣಗಿಸುತ್ತಾರೆ, ನಾಡದೋಣಿ ಎಳೆದಿಡುತ್ತಾರೆ, ಕಡಲಾಮೆ ಮೊಟ್ಟೆಯಿಡುತ್ತದೆ. ಬಂದರಿಗೆ ರಸ್ತೆ ಮಾಡಲು ಬಂದಾಗಲೆಲ್ಲ ಮೀನುಗಾರರು ಅಡ್ಡ ನಿಂತರು, ಪೊಲೀಸರು ಬಂದರು, ಪ್ರಕರಣಗಳು ದಾಖಲಾದವು. ಆಮೆ ಇಲ್ಲಿ ಬರುತ್ತದೆ ಎಂದು ಮೀನುಗಾರರು ಗೂಡು ತೋರಿಸಬೇಕಾಯಿತು. ಸೋಜಿಗವೆಂದರೆ ಇದೇ ಕಾಸರಕೋಡಿನ ಬೀಚಿಗೆ 2020ರಲ್ಲಿ, ಪಡುಬಿದ್ರಿಯ ಜೊತೆಗೆ, ಶುಚಿತ್ವಕ್ಕಾಗಿ ಕೊಡುವ ಅಂತರರಾಷ್ಟ್ರೀಯ ನೀಲಿ ಬಾವುಟ ಬಂತು. ಒಂದು ಕಡೆ ಬಾವುಟ, ಕೂಗಳತೆಯಲ್ಲಿ ಬಂದರು. ಬಾವುಟವೂ ನನಗೆ ಅಷ್ಟು ರುಚಿಸುವುದಿಲ್ಲ. ದಿನವೂ ಮರಳು ಗುಡಿಸಿ, ದೀಪ ಹಾಕಿ, ಕಾಲುದಾರಿ ಮಾಡಿದ ಬೀಚು ಪ್ರವಾಸಿಗೆ ಚೆಂದ, ಏಡಿಗಲ್ಲ.

ಕಾರವಾರದವರ ಸಂಕಟ ಇನ್ನೂ ಹಳೆಯದು. ನೌಕಾನೆಲೆಗೆ 1986ರಲ್ಲಿ ಅಡಿಗಲ್ಲು ಬಿತ್ತು, 2005ರಲ್ಲಿ ಐಎನ್‌ಎಸ್ ಕದಂಬ ಶುರುವಾಯಿತು. ಅರ್ಗಾ, ಬಿಣಗಾ ಮೊದಲಾದ ಕಡೆಯ ದಂಡೆಗಳು ಜನರ ಕೈ ಬಿಟ್ಟವು.  ಉಳಿದದ್ದು ಊರ ಮುಂದಿನ ದಂಡೆ. ಹರೆಯದ ರವೀಂದ್ರನಾಥ ಟ್ಯಾಗೋರರು ಬಂದು ತಂಗಿದ್ದ ಊರಾದ್ದರಿಂದ ಅವರ ಹೆಸರು ಹೊತ್ತದ್ದು. ಬಂದರು ವಿಸ್ತರಣೆಗಾಗಿ ಅದಕ್ಕೂ ತಡೆಗೋಡೆ ಹಾಕಲು 2020ರ ಜನವರಿಯಲ್ಲಿ ಕೆಲಸ ಆರಂಭವಾದಾಗ ಮೀನುಗಾರರು ಬೀದಿಗಿಳಿದರು, ಪೇಟೆ ಬಂದ್ ಆಯಿತು, ವಿಷಯ ಹೈಕೋರ್ಟಿಗೆ ಹೋಗಿ ಕಾಮಗಾರಿಗೆ ತಡೆ ಬಂತು. ಕೈರಂಪಣಿ ಬಲೆ ಎಳೆಯಲು ಉದ್ದಕ್ಕೆ ತೆರೆದ ಮರಳು ಬೇಕು. ಆಮೆಗೂ ಅದೇ ಬೇಕು. ಕರಾವಳಿಯಲ್ಲಿ ವನ್ಯಜೀವಿಯ ಪರ, ಬಡವರ ಪರ ಎಂದು ಎರಡು ಪಕ್ಷ ಮಾಡಿ ವಾದಿಸುವವರಿಗೆ ಈ ದಂಡೆ ತೋರಿಸಬೇಕು.

ಒಂದು ಮಾತನ್ನು ಮಾತ್ರ ಮುಚ್ಚಿಡಲಾರೆ. ಸಿಆರ್‌ಝಡ್ ಎಂದರೆ ಮೈ ಉರಿಯುವ ಮೀನುಗಾರರೂ ಬೇಕಾದಷ್ಟಿದ್ದಾರೆ. ಅಪ್ಪನ ಕಾಲದ ಮನೆಗೆ ಒಂದು ಕೋಣೆ ಸೇರಿಸಲು ವರ್ಷಗಟ್ಟಲೆ ಅಲೆಸುತ್ತಾರೆ, ಪಕ್ಕದಲ್ಲಿ ರೆಸಾರ್ಟು ಮೇಲೇಳುತ್ತದೆ ಎಂಬ ದೂರು. ಅದು ಬರೀ ಹೊಟ್ಟೆಕಿಚ್ಚಿನ ಮಾತಲ್ಲ. ಅಡುಗೆಮನೆಗೆ ಬಿಗಿಯಾಗಿ, ಹೋಟೆಲಿಗೆ ಸಡಿಲವಾಗಿ ನಡೆಯುವ ನಿಯಮವನ್ನು ಯಾರೂ ಪ್ರೀತಿಸುವುದಿಲ್ಲ.

ದಂಡೆಯ ತೀರ್ಮಾನ ಘಟ್ಟದ ಮೇಲೆ ಆಗುತ್ತದೆ ಎಂದೆನಲ್ಲ, ಈಗ ಹರಿಹರಕ್ಕೆ ಬರೋಣ. ನಮ್ಮ ತುಂಗಭದ್ರೆ ಹುಟ್ಟುವುದು ಪಶ್ಚಿಮ ಘಟ್ಟದ ನೆತ್ತಿಯಲ್ಲಿ, ಅರಬ್ಬಿ ಸಮುದ್ರ ಅಲ್ಲಿಂದ ದೂರವಿಲ್ಲ. ಆದರೂ ಪೂರ್ವಕ್ಕೆ ತಿರುಗಿ, ಹೊನ್ನಾಳಿ, ಹರಿಹರ ದಾಟಿ, ಕೃಷ್ಣೆಯನ್ನು ಸೇರಿ, ಆಂಧ್ರದ ಕರಾವಳಿಯಲ್ಲಿ ಬಂಗಾಳಕೊಲ್ಲಿಗೆ ಬೀಳುತ್ತದೆ. ಕೃಷ್ಣೆಯ ಆ ಮುಖಜ ಭೂಮಿಯ ದಂಡೆಗೂ ಆಲಿವ್ ರಿಡ್ಲೆ ಆಮೆ ಬರುತ್ತದೆ, ಅಲ್ಲಿಯ ಕಾಂಡ್ಲಾ ಕಾಡು ವನ್ಯಜೀವಿ ಧಾಮ. ಆ ದಂಡೆಯನ್ನು ಕಟ್ಟಿದ್ದು ನದಿ ಹೊತ್ತು ತಂದ ಮರಳು, ಅದರಲ್ಲಿ ಹರಿಹರದ ಮುಂದೆ ಹರಿದ ಮರಳೂ ಸೇರಿದೆ. 1953ರಲ್ಲಿ ಹೊಸಪೇಟೆಯಲ್ಲಿ ಅಣೆಕಟ್ಟು ನಿಂತಿತು. 133 ಟಿಎಂಸಿ ಇದ್ದ ಜಲಾಶಯದ ಸಾಮರ್ಥ್ಯ ಈಗ ಸುಮಾರು 105ಕ್ಕೆ ಇಳಿದಿದೆ. ರೈತರಿಗೆ ಇದು ನೀರಿನ ನಷ್ಟ, ಪ್ರತಿ ವರ್ಷ ಹೂಳೆತ್ತುವ ಭರವಸೆಯ ಸುದ್ದಿ. ಕೃಷ್ಣೆಯ ಬಾಯಲ್ಲಿ ಇದು ಬಾರದೆ ಹೋದ ಮಣ್ಣು, ಮರಳಿನ ಲೆಕ್ಕ. ಅಲ್ಲಿ ಕಡಲು ದಡ ತಿನ್ನುತ್ತಿದೆ. ಅಣೆಕಟ್ಟಿಗೆ ತಲುಪುವ ಮೊದಲೇ ಹೊಳೆಯಿಂದ ಎತ್ತಿದ ಮರಳು ಎಷ್ಟು, ಅದು ಯಾರ ಮನೆಯ ಗೋಡೆ ಸೇರಿತು ಎಂಬುದು ಈ ಸಭೆಯಲ್ಲಿರುವ ನಮಗೆಲ್ಲ ಗೊತ್ತಿರುವ ವಿಷಯ. ಪಶ್ಚಿಮದ ಹೊಳೆಗಳದೂ ಇದೇ ಪಾಡು: ಶರಾವತಿಗೆ ಲಿಂಗನಮಕ್ಕಿ, ಕಾಳಿಗೆ ಸೂಪಾ, ಕದ್ರಾ. ಅಣೆಕಟ್ಟಿಲ್ಲದೆ ಹರಿಯುವ ಅಘನಾಶಿನಿಯ ಅಳಿವೆಯಲ್ಲಿ ಇವತ್ತಿಗೂ ಬಳಚು ಎಂಬ ಚಿಪ್ಪುಮೀನು ಸಿಗುತ್ತದೆ, ಗಜನಿ ಎಂಬ ಅಳಿವೆಯಂಚಿನ ಗದ್ದೆಗಳಲ್ಲಿ ಉಪ್ಪುನೀರಿಗೆ ಜಗ್ಗದ ಕಗ್ಗ ಭತ್ತ ಬೆಳೆಯುತ್ತದೆ. ಆ ಅಳಿವೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಅದೇ ಸುತ್ತಿನಲ್ಲಿ ನಮ್ಮ ನೆರೆಯ ವಿಜಯನಗರ ಜಿಲ್ಲೆಯ ಅಂಕಸಮುದ್ರ ಕೆರೆಯೂ, ಗದಗಿನ ಮಾಗಡಿ ಕೆರೆಯೂ ಸೇರಿದವು. ಬಯಲುಸೀಮೆಯ ಎರಡು ಕೆರೆ, ಕರಾವಳಿಯ ಒಂದು ಅಳಿವೆ ಒಂದೇ ಪಟ್ಟಿಯಲ್ಲಿ ಕೂತದ್ದು ನನಗೆ ಬಹಳ ಸಮಾಧಾನ ಕೊಟ್ಟ ಸುದ್ದಿ.

ಬಂದರುಗಳೂ ಕರಾವಳಿಯವರಿಗಾಗಿ ಮಾತ್ರ ಏಳುವುದಿಲ್ಲ. ಬೇಲೇಕೇರಿ ಬಂದರಿನಲ್ಲಿ 2010ರಲ್ಲಿ ಜಪ್ತಾಗಿ ಮಾಯವಾದ ಅದಿರು ಬಳ್ಳಾರಿ ಸೀಮೆಯದು. ಅಂಕೋಲೆಯ ಕೇಣಿಯಲ್ಲಿ 4,000 ಕೋಟಿಗೂ ಮಿಕ್ಕ ಹೊಸ ಬಂದರಿನ ಯೋಜನೆಗೆ ಮೀನುಗಾರರು ಎದುರು ನಿಂತಿದ್ದಾರೆ. ಅದರ ಕಣ್ಣಿರುವುದೂ ಘಟ್ಟದ ಮೇಲಿನ ಕೈಗಾರಿಕೆಗಳ ಸರಕಿನ ಮೇಲೆ. ಇನ್ನು ರೆಸಾರ್ಟುಗಳು. ಮುರ್ಡೇಶ್ವರ, ಗೋಕರ್ಣದಲ್ಲಿ ಡಿಸೆಂಬರಿನ ಒಂದು ಶನಿವಾರ ನಿಂತು ವಾಹನಗಳ ನೋಂದಣಿ ಫಲಕ ಓದುತ್ತ ಬನ್ನಿ. ಕೆಎ 17 ಎಂಬ ದಾವಣಗೆರೆಯ ಸಂಖ್ಯೆ ಕಾಣದೆ ಇರುವುದಿಲ್ಲ. ಆಮೆ ಮೊಟ್ಟೆಯಿಡುವ ತಿಂಗಳುಗಳಲ್ಲೇ ನಮ್ಮ ಶಾಲೆಗಳ ಪ್ರವಾಸ, ನಮ್ಮ ರಜೆ. ಕಡಲಿಗೆ ಕಿಟಕಿ ತೆರೆಯುವ ಕೋಣೆಗೆ ಹೆಚ್ಚು ದುಡ್ಡು ಕೊಡುವವರು ನಾವು. ಆ ಕಿಟಕಿಗಾಗಿಯೇ ದಿಬ್ಬ ಮಟ್ಟವಾಗುತ್ತದೆ.

ಬೇರೆ ದಾರಿ ಇಲ್ಲದಿಲ್ಲ. ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ವೇಳಾಸ್ ಎಂಬ ಹಳ್ಳಿಯಲ್ಲಿ 2002ರಿಂದ ಊರವರೇ ಗೂಡು ಕಾಯುತ್ತಾರೆ. ಮರಿ ಬಿಡುವ ದಿನಗಳಲ್ಲಿ ದೂರದಿಂದ ಜನ ಬರುತ್ತಾರೆ, ಉಳಿಯುವುದು ಹಳ್ಳಿಯ ಮನೆಗಳಲ್ಲಿ, ಊಟ ಆ ಮನೆಯವರದು. ದಂಡೆಯಲ್ಲಿ ಕಟ್ಟಡ ಎದ್ದಿಲ್ಲ, ಹಳ್ಳಿಗೆ ಆದಾಯ ಬಂದಿದೆ. ಕುಂದಾಪುರದ ಕೋಡಿಯ ಕಡೆ ಅರಣ್ಯ ಇಲಾಖೆಯವರೂ ಮೀನುಗಾರ ಯುವಕರೂ ಗೂಡಿಗೆ ಬೇಲಿ ಕಟ್ಟಿ ಕಾಯುತ್ತಾರೆ. ಗೋವಾದ ಮೊರ್ಜಿಯಲ್ಲಿ ಮಾತ್ರ ಗೂಡು ಕಾಯುವುದನ್ನೂ ಮೋಜಿನ ಪ್ರವಾಸವನ್ನೂ ಒಟ್ಟಿಗೆ ಮಾಡಲು ಹೋಗಿ, ಬೇಲಿ ಹಾಕಿದ ಗೂಡಿನ ಸುತ್ತ ಹಾಡು, ಕುಣಿತ, ದೀಪ ನಡೆಯುತ್ತಿವೆ. ನಮ್ಮ ಕರಾವಳಿಯ ಪ್ರವಾಸೋದ್ಯಮ ನೀತಿ ಬರೆಯುವವರು ವೇಳಾಸ್, ಮೊರ್ಜಿ ಎರಡನ್ನೂ ಹೋಗಿ ನೋಡಲಿ.

ಕೊನೆಗೆ ವಿದ್ಯಾರ್ಥಿಗಳಿಗೆ ಒಂದು ಕೆಲಸದ ವಿಷಯ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಬಂದರಿನಂಥ ಯೋಜನೆಗೆ ಸಾರ್ವಜನಿಕ ಅಹವಾಲು ನಡೆಯಬೇಕು. ಸ್ಥಳದಲ್ಲಿ ನಡೆಯುವ ಸಭೆ ಅಲ್ಲಿಯ ಬಾಧಿತರಿಗೆ. ಅದಲ್ಲದೆ, ಯೋಜನೆಯ ಪರಿಸರದ ಪರಿಣಾಮದಲ್ಲಿ ತಮಗೂ ಸಂಬಂಧವಿದೆ ಎನ್ನುವ ಬೇರೆಯವರು ತಮ್ಮ ಅಭಿಪ್ರಾಯವನ್ನು ಬರಹದಲ್ಲಿ ಕೊಡಬಹುದು. ಮಾಲಿನ್ಯ ನಿಯಂತ್ರಣ ಮಂಡಳಿ ಪರಿಣಾಮ ವರದಿಯ ಸಾರಾಂಶವನ್ನು ಸ್ಥಳೀಯ ಭಾಷೆಯಲ್ಲೂ ಒದಗಿಸಬೇಕು. ಕರಾವಳಿಯ ನಕ್ಷೆಯ ಕರಡು ಪ್ರಕಟವಾದಾಗಲೂ ಆಕ್ಷೇಪಣೆಗೆ ಕಾಲಾವಕಾಶ ಇರುತ್ತದೆ. ಗೂಡು ಸಿಕ್ಕ ದಂಡೆ ನಕ್ಷೆಯಲ್ಲಿ ಏಕಿಲ್ಲ ಎಂದು ಕೇಳುವ ಅರ್ಜಿಗೆ ಎರಡು ಪುಟ ಸಾಕು, ಕನ್ನಡದಲ್ಲೇ ಬರೆಯಬಹುದು. ಬರೆಯುವವರ ವಿಳಾಸದಲ್ಲಿ ಆನಗೋಡು, ದಾವಣಗೆರೆ ತಾಲ್ಲೂಕು ಎಂದಿದ್ದರೆ ಅದನ್ನು ಪಕ್ಕಕ್ಕಿಡಲು ಯಾವ ನಿಯಮದಲ್ಲೂ ಅವಕಾಶವಿಲ್ಲ.